ನಾಲ್ಕನೇ ಸೀರೆ

ಅರ್ಧ ಶಬ್ದ ಉಳಿಸಲು ಹೋಗಿ ಇಡೀ ಮಾನ ಕಳೆದುಕೊಂಡವನು ಶಹಾಪುರದಲ್ಲಿ ಮರಿಲಿಂಗಪ್ಪ ಒಬ್ಬನೇ ಇರಬೇಕು.

ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಟೇಲರ್ ಅಂಗಡಿ. ಹೆಂಗಸರ ಜಂಪರು ಹೊಲಿಯುವುದರಲ್ಲಿ ಪಳಗಿದ ಕೈ. ಅಳತೆ ಬರೆದುಕೊಳ್ಳುವ ಚೀಟಿಗಳು ಮಾತ್ರ ಎರಡು ಬೆರಳಗಲ. ಹೆಸರು, ಎದೆ, ತೋಳು, ಕೊರಳು, ಕೊಡುವ ದಿನ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಹೀಗಾಗಿ ಶಬ್ದಗಳ ಬಾಲ ಕತ್ತರಿಸಿ ಚುಕ್ಕೆ ಇಡುವ ಚಟ ಅವನಿಗೆ ಅಂಟಿತ್ತು. ದಿನವಿಡೀ ಬಟ್ಟೆ ಕತ್ತರಿಸುವವನು ಶಬ್ದಕ್ಕೆ ಹೆದರುತ್ತಾನೆಯೇ?

ಟೇಲರಿಕೆ ಹೊಟ್ಟೆಗಾದರೆ, ಮರಿಲಿಂಗಪ್ಪನ ಜೀವ ಇದ್ದದ್ದು ಇನ್ನೊಂದು ಕೆಲಸದಲ್ಲಿ. ಊರಾಚೆಯ ಸಂತ ಅನ್ನಮ್ಮನ ಚರ್ಚಿನ ಸಮಿತಿಗೆ ಹನ್ನೊಂದು ವರ್ಷದಿಂದ ಅವನೇ ಕಾರ್ಯದರ್ಶಿ. ಅರವತ್ತೆರಡು ಮನೆಗಳ ಸಣ್ಣ ಧರ್ಮಕೇಂದ್ರ ಅದು. ಅಲ್ಲಿನವರಿಗೆ ಚರ್ಚಿನ ಪುಸ್ತಕದಲ್ಲಿ ಒಂದು ಹೆಸರು, ಓಣಿಯಲ್ಲಿ ಒಂದು ಹೆಸರು. ಪುಸ್ತಕ ಮುಟ್ಟದೆ ಎರಡನ್ನೂ ಹೇಳಬಲ್ಲೆ ಎಂಬುದು ಮರಿಲಿಂಗಪ್ಪನ ಹೆಮ್ಮೆ. ಸಮಿತಿಯ ಉಳಿದ ಹಿರಿಯರು ಸಭೆಗೆ ಬಂದರೂ ಮಲಗಿದ ಬುದ್ಧನ ಹಾಗೆ ಕಾಣುವ ಊರ ಗುಡ್ಡದಂತೆ ಕದಲುತ್ತಿರಲಿಲ್ಲವಾದ್ದರಿಂದ ಅವನ ಮಾತೇ ನಡೆಯುತ್ತಿತ್ತು.

ಈ ವರ್ಷ ಮಂಗಳೂರು ಕಡೆಯಿಂದ ಫಾದರ್ ಆಲ್ಬನ್ ಎಂಬ ಹೊಸ ಗುರುಗಳು ಬಂದಿದ್ದರು. ಜುಲೈ ಇಪ್ಪತ್ತಾರು ಅನ್ನಮ್ಮನ ಹಬ್ಬ. ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ, ಆ ಚರ್ಚಿನ ಪಾಲಕಿ. ಹಬ್ಬದ ದಿನವೇ ಹೊಸ ಸಮಿತಿಯ ಹೆಸರು ಓದುತ್ತೇನೆಂದು ಫಾದರ್ ಹೇಳಿದ್ದರು. ಮೇಷ್ಟ್ರು ಮಹೇಶಕುಮಾರ ಎಲ್ಲ ಮನೆಗಳ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ಏರಿಸಿಕೊಂಡು ಫಾದರ್ ಹಿಂದೆ ಮುಂದೆ ಸುಳಿಯತೊಡಗಿದಾಗಿನಿಂದ ಮರಿಲಿಂಗಪ್ಪನಿಗೆ ಹೊಲಿಗೆ ಸೊಟ್ಟಗಾಗುತ್ತಿತ್ತು. ಕಾರ್ಯದರ್ಶಿ ಪದವಿ ಹೋದರೆ ತಾನು ಬರೀ ಟೇಲರ್!

ಹಬ್ಬದ ಹಿಂದಿನ ದಿನ ಫಾದರ್ ಅವನನ್ನು ಕರೆದು ನಾಲ್ಕು ಸೀರೆ ಮುಂದಿಟ್ಟರು.

"ನಮ್ಮ ಊರಲ್ಲಿ ಪಾಲಕ ಸಂತರ ಹಬ್ಬಕ್ಕೆ ಅದೇ ಹೆಸರಿನವರನ್ನು ಗೌರವಿಸ್ತೇವೆ ಮಾರಾಯ್ರೆ. ನಮ್ಮ ಅಕ್ಕ ಕಳಿಸಿದ್ದು. ನಾಲ್ಕು ಉಂಟು, ಸರಿಯಾಗ್ತದಲ್ಲ?"

"ಒಂದು ಹೆಚ್ಚಾತ್ರಿ ಫಾದರ್. ನಮ್ಮಲ್ಲಿ ಅನ್ನಮ್ಮಗೋಳು ಮೂರ ಮಂದಿ. ಗಿರಣಿ ಅನ್ನಮ್ಮ, ನರ್ಸ್ ಅನ್ನಮ್ಮ, ಮುದುಕಿ ಅನ್ನಮ್ಮ."

"ಮೂರಾ? ಪುಸ್ತಕ ಒಮ್ಮೆ ನೋಡುವನಾ?"

"ಪುಸ್ತಕ ಯಾಕ್ರಿ? ಎಲ್ಲಾ ಹೆಸರು ನನ್ನ ನಾಲಿಗಿ ಮ್ಯಾಲ ಅದಾವ." ತನ್ನ ಸತ್ತ ತಾಯಿಯೂ ಅನ್ನಮ್ಮನೇ ಎಂಬುದು ಅವನಿಗೆ ನೆನಪಾಯಿತು. "ನಮ್ಮವ್ವ ಇದ್ದಿದ್ರ ನಾಕನೇದು ಆಕಿದಾ ಆಗ್ತಿತ್ರಿ."

ಫಾದರ್ ಅವನ ಮುಖವನ್ನೇ ನೋಡಿ ಯಾಕೋ ನಕ್ಕರು. "ಆಯ್ತು. ನಾಲ್ಕನೇದು ನಿಮ್ಮ ಹತ್ತಿರವೇ ಇರಲಿ. ಯಾರಿಗೆ ಅಂತ ನಿಮಗೇ ಗೊತ್ತಲ್ಲ!"

ಮರಿಲಿಂಗಪ್ಪನಿಗೆ ಏನೂ ಗೊತ್ತಾಗಲಿಲ್ಲ. ಆದರೂ ಗೊತ್ತಾದವನಂತೆ ತಲೆಯಾಡಿಸಿದ.

ಹಬ್ಬದ ಬೆಳಿಗ್ಗೆ ಅವನ ಹೆಂಡತಿ ಕಸ್ತೂರಿ ಆ ಸೀರೆಗಳನ್ನು ಕಂಡಳು. ನವಿಲು ಬಣ್ಣದ ನಾಲ್ಕನೆಯದರ ಸೆರಗನ್ನು ಬಿಚ್ಚಿ ಬೆಳಕಿಗೆ ಹಿಡಿದಳು.

"ಇದು ಯಾರಿಗ್ರಿ?"

"ಯಾರಿಗೂ ಅಲ್ಲ. ಅನ್ನಮ್ಮಗೋಳಿಗಿ ಬಂದದ್ದು. ಒಂದು ಹೆಚ್ಚಿಗಿ ಆಗ್ಯದ."

"ಹೆಚ್ಚಿಗಿ ಆಗ್ಯದೇನು?" ಅವಳು ಸೆರಗು ಬಿಡಲಿಲ್ಲ. "ಚೊಲೋತ್ನಂಗ ಎಣಿಸೀರೇನು?"

"ಏ, ಕೇಳ್ತೇನು? ನಿನಗ್ಯಾಕ ಅದೆಲ್ಲಾ. ಚಾ ಮಾಡು, ಹೊತ್ತಾಗ್ಯದ."

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಮರಿಲಿಂಗಪ್ಪ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಏ, ಕೇಳ್ತೇನು' ಎಂದರೆ ಓಣಿಯ ಅರ್ಧ ಹೆಂಗಸರು ತಿರುಗಿ ನೋಡುತ್ತಿದ್ದರಾದರೂ ಬರುತ್ತಿದ್ದವಳು ಅವಳೊಬ್ಬಳೇ. ಚಹಾ ಬಂತು. ಒಂದು ಗುಟುಕಿಗೆ ಅವನ ಮುಖ ಹುಳ್ಳಗಾಯಿತು.

"ಸಕ್ಕರಿ ಹಾಕೋದ ಮರ್ತೀಯಲ್ಲ!"

"ಮರಿಯಾಕಿ ಈ ಮನಿಯಾಗ ನಾ ಒಬ್ಬಾಕೀನ ಅಲ್ಲಲ್ರಿ."

ಈ ಮಾತಿನ ಮೇಲೆ ಯೋಚಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಬಾಗಿಲಲ್ಲಿ ಮೈಕ್ ಕಟ್ಟಿದ ಆಟೋ ಹಾರ್ನ್ ಹೊಡೆಯುತ್ತಿತ್ತು.

ಆಟೋದ ಬಾಷುಮಿಯಾ ಶಹಾಪುರದ ಅರ್ಧ ಸುದ್ದಿಗೆ ಬಾಯಿ. ಸೀರೆ ಅಂಗಡಿಯ ರಿಯಾಯ್ತಿಯಿಂದ ಹಿಡಿದು ಕಳೆದುಹೋದ ಆಡಿನ ಗುರುತಿನವರೆಗೆ ಎಲ್ಲವನ್ನೂ ಒಂದೇ ಹುರುಪಿನಲ್ಲಿ ಕೂಗುತ್ತಿದ್ದ. ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿದ್ದರಿಂದ ಅದು ಕಣ್ಣಿಗಿಂತ ಕೆನ್ನೆಗೇ ಹೆಚ್ಚು ಉಪಯೋಗವಾಗುತ್ತಿತ್ತು. ಮರಿಲಿಂಗಪ್ಪ ತನ್ನ ಅಳತೆ ಚೀಟಿಯ ಬೆನ್ನ ಮೇಲೆ ಗೀಚಿ ಅವನ ಕೈಗಿಟ್ಟ. 'ಧರ್ಮಕೇಂದ್ರದ ಅನ್ನಮ್ಮಂದಿರಿಗೆ ಸೀರೆ' ಎಂದು ಬರೆಯಬೇಕಿತ್ತು. ಜಾಗ ಸಾಲಲಿಲ್ಲ. 'ಧರ್ಮಕೇಂ. ಅನ್ನಮ್ಮಂದಿರಿಗೆ ಸೀರೆ. ಎಲ್ಲರಿಗೂ ಊಟ. ೧೧ಕ್ಕೆ' ಎಂದು ಬರೆದ.

ಬಾಷುಮಿಯಾ ಚೀಟಿಯನ್ನು ದೂರ ಹಿಡಿದ, ಹತ್ತಿರ ಹಿಡಿದ. 'ಧರ್ಮಕೇಂ.' ಅವನ ಕಣ್ಣಿಗೆ 'ಧರ್ಮಕ್ಕೆ' ಆಯಿತು. ಧರ್ಮಕ್ಕೆ ಎಂದರೆ ಪುಕ್ಕಟೆ. ನಲವತ್ತು ವರ್ಷದ ಅನುಭವದಲ್ಲಿ ಇಷ್ಟು ಚಂದದ ಸುದ್ದಿ ಅವನ ಕೈಗೆ ಸಿಕ್ಕಿರಲಿಲ್ಲ.

"ಕೇಳ್ರಿ ಕೇಳ್ರಿ! ಸಂತ ಅನ್ನಮ್ಮನ ಚರ್ಚಿನಾಗ ಇವತ್ತ ಹನ್ನೊಂದಕ್ಕ ಅನ್ನಮ್ಮಗೋಳಿಗಿ ಧರ್ಮಕ್ಕ ಸೀರಿ! ಪೂರಾ ಧರ್ಮಕ್ಕ! ಯಾವ ಊರು, ಯಾವ ಜಾತಿ ಕೇಳಂಗಿಲ್ಲ. ಹೆಸರು ಅನ್ನಮ್ಮ ಅಂತ ಇದ್ರ ಸಾಕು. ಆಧಾರ್ ತರ್ರಿ, ಸೀರಿ ಒಯ್ರಿ, ಉಂಡು ಹೋಗ್ರಿ!"

ಶಹಾಪುರ ಒಂದು ಸುತ್ತು ಮುಗಿಯಿತು. ಖುಷಿಯಲ್ಲಿ ಬಾಷುಮಿಯಾ ದೋರನಹಳ್ಳಿಯಲ್ಲಿದ್ದ ತಂಗಿ ಹಬೀಬಾಳನ್ನೂ ಮಾತಾಡಿಸಿ ಬರೋಣವೆಂದು ಆ ಕಡೆ ಆಟೋ ತಿರುಗಿಸಿದ. ದಾರಿಯುದ್ದಕ್ಕೂ ಮೈಕ್ ಬಂದ್ ಮಾಡಲಿಲ್ಲ.

ಹತ್ತು ಗಂಟೆಗೆ ಮರಿಲಿಂಗಪ್ಪ ಚರ್ಚಿಗೆ ಬಂದಾಗ ಅಂಗಳದಲ್ಲಿ ಹೆಂಗಸರೋ ಹೆಂಗಸರು. ಹತ್ತಿ ಹೊಲದ ಕೆಲಸಕ್ಕೆ ಟ್ರ್ಯಾಕ್ಟರಿನಿಂದ ಇಳಿದ ಹಾಗೆ ಇಳಿಯುತ್ತಲೇ ಇದ್ದರು. ಒಂದು ಮುಖವೂ ಗುರುತಿಲ್ಲ.

"ಯಾರವ್ವಾ ನೀವು?"

"ನಾವು ಅನ್ನಮ್ಮಗೋಳು," ಎಂದರು ಎಲ್ಲರೂ ಸೇರಿ.

ಮರಿಲಿಂಗಪ್ಪ ಪಕ್ಕದ ಗೋಡೆ ಹಿಡಿದುಕೊಂಡ. ಕೈಗಳು ಮೇಲೆದ್ದವು. ಪ್ರತಿ ಕೈಯಲ್ಲೂ ಒಂದೊಂದು ಆಧಾರ್ ಕಾರ್ಡು.

ಮುಂದಿದ್ದವಳ ಕಾರ್ಡಿನಲ್ಲಿ ಅನ್ನಮ್ಮ ಎಂದಿದ್ದರೂ ಅವಳ ಗೆಳತಿ ಕರೆದದ್ದನ್ನು ಕೇಳಿದ್ದ ಅವನಿಗೆ ಸ್ವಲ್ಪ ಧೈರ್ಯ ಬಂತು. "ಏನವ್ವಾ, ಈಗ ತಾನ ನಿನ್ನ ಗೆಳತಿ ನಿನಗ ಹಣಮವ್ವಾ ಅಂತ ಕರದ್ಳಲ್ಲ?"

"ಖರೇನ್ರಿ, ಹಣಮವ್ವಾನ ನಾನು. ಆಧಾರ್ ಮಾಡಾವ ತಪ್ಪು ಬಡದು ಅನ್ನಮ್ಮ ಮಾಡ್ಯಾನ. ಐದು ವರ್ಷ ರೇಷನ್ ಅಂಗಡ್ಯಾಗ ತ್ರಾಸು ತಗೊಂಡೇನಿ. ಇವತ್ತಾರ ಒಂದು ಫಾಯ್ದಾ ಆಗ್ಲಿ ಬಿಡ್ರಿ."

ಅವಳ ಹಿಂದಿನಿಂದ ಬುರ್ಕಾ ತೊಟ್ಟ ಒಬ್ಬರು ಮುಂದೆ ಬಂದರು. ಅವರ ಕಾರ್ಡಿನಲ್ಲಿ ಕುಬ್ರಾಬೇಗಂ ಎಂದಿತ್ತು.

"ನೀವ್ಯಾಕ್ರಿ ಬೇಗಂ ಸಾಹೇಬ್ರ?"

"ತೌರುಮನ್ಯಾಗ ನನಗ ಅನ್ನಿ ಅಂತಿದ್ರು. ಈಗ ಮೂರು ಮಕ್ಕಳಿಗಿ ಅಮ್ಮಾ ಆಗೇನಿ. ಎರಡೂ ಕೂಡಿಸ್ರಿ, ಏನಾತು?"

ಲೆಕ್ಕದಲ್ಲಿ ತಪ್ಪು ಹುಡುಕಲು ಮರಿಲಿಂಗಪ್ಪನಿಗೆ ಆಗಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಮೋಟರ್‌ಸೈಕಲ್ ನಿಲ್ಲಿಸಿ ಜಗದೇವಪ್ಪಗೌಡ ಧೂಳೆಬ್ಬಿಸುತ್ತ ಬಂದ. ದೋರನಹಳ್ಳಿಯಲ್ಲಿ ಹನ್ನೆರಡು ಎಕರೆ ಹತ್ತಿ ಹಾಕಿದವನು.

"ಯಾವನ್ರಿ ಈ ಸೀರಿ ಕೊಡಾವ? ನನ್ನ ಹೊಲದಾಗ ಮುಂಜಾನಿಂದ ಹದಿನಾಲ್ಕು ಮಂದಿ ಕಸಾ ತೆಗ್ಯಾಕತ್ತಿದ್ರು. ಧರ್ಮಕ್ಕ ಸೀರಿ ಅಂತ ಮೈಕ್ ಕೂಗಿದ್ದ ತಡ, ಐದು ಮಂದಿ ಅನ್ನಮ್ಮಗೋಳು ಎದ್ದು ಬಂದ್ರು. ಉಳಿದ ಒಂಬತ್ತು ಮಂದಿ ಇವ್ರಿಗಿ ಎಂಥಾ ಸೀರಿ ಕೊಡ್ತಾರ ನೋಡಾಕಂತ ಬಂದ್ರು. ಹೊಲದಾಗ ಈಗ ನನ್ನ ಬೆದರಗೊಂಬಿ ಒಂದ ನಿಂತದ!"

"ಗೌಡ್ರ, ಒಂದು ಶಬ್ದ ತಪ್ಪಿ ಹೋಗ್ಯದ್ರಿ..."

"ಶಬ್ದ ತಪ್ಪಿದ್ರ ನನ್ನ ಕಸಾ ತಾನಾಗೇ ಬರ್ತದೇನು?"

ಒಳಗೆ ಫಾದರ್ ಪೂಜೆಗೆ ಅಣಿಯಾಗುತ್ತಿದ್ದವರು ಕಿಟಕಿಯಿಂದ ಅಂಗಳ ನೋಡಿ ಕೈ ಮುಗಿದರು. "ಎಂಥ ಭಕ್ತಿ ಮಾರಾಯ್ರೆ! ಮರಿಲಿಂಗಪ್ಪನವರೇ, ಇದೆಲ್ಲ ನಿಮ್ಮ ಶ್ರಮವಾ?"

ಮಹೇಶಕುಮಾರ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ಬಾಡಿದ್ದು ಕಂಡು ಮರಿಲಿಂಗಪ್ಪನ ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು: "ಹೌದ್ರಿ ಫಾದರ್."

ಒಮ್ಮೆ ಹೌದೆಂದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಪೂಜೆಯ ಗಂಟೆ ಹೊಡೆಯುವುದರೊಳಗೆ ಈ ಗುಂಪನ್ನು ಸಮಾಧಾನ ಮಾಡಬೇಕು. ಇಲ್ಲದಿದ್ದರೆ ಫಾದರ್ ಎದುರಿಗೇ ಗದ್ದಲವಾಗಿ ಪದವಿ ಹೋಗುತ್ತದೆ. ಆಗ ಅವನಿಗೆ ನವಿಲು ಬಣ್ಣದ ನಾಲ್ಕನೇ ಸೀರೆ ನೆನಪಾಯಿತು. ಹೆಚ್ಚಿಗೆ ಬಂದದ್ದು, ಯಾರದೂ ಅಲ್ಲದ್ದು. ಕಲ್ಲಿನ ಮೇಲೆ ಹತ್ತಿ ನಿಂತು ಕೂಗಿದ:

"ಅವ್ವಗೋಳ್ರಾ! ಸೀರಿ ಇರೋದು ಒಂದ. ಜಗಳ ಬ್ಯಾಡ. ಚೀಟಿ ಎತ್ತೋಣು. ಯಾರ ಹೆಸರು ಬರ್ತದ, ಅವ್ರು ಒಯ್ರಿ!"

ಎಲ್ಲರೂ ಒಪ್ಪಿದರು. ಎಣಿಸಿದರೆ ಹೊರಗಿನ ಅನ್ನಮ್ಮಂದಿರು ಮೂವತ್ತೇಳು. ಮರಿಲಿಂಗಪ್ಪ ಅಳತೆ ಚೀಟಿಗಳ ಕಟ್ಟು ತೆಗೆದು ಬೆವರೊರೆಸಿಕೊಳ್ಳುತ್ತ ಮೂವತ್ತೇಳು ಹೆಸರು ಬರೆದ, ಮಡಚಿದ, ಟೊಪ್ಪಿಗೆಯಲ್ಲಿ ಹಾಕಿ ಅಲುಗಾಡಿಸಿದ. ಕಣ್ಣು ಸರಿಯಾಗಿ ಕಾಣದ ಮುದುಕಿ ಅನ್ನಮ್ಮನ ಕೈಯಿಂದಲೇ ಒಂದನ್ನು ಎತ್ತಿಸಿದ. ಮರಿಲಿಂಗಪ್ಪ ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದ.

"ಅನ್ನಮ್ಮ!"

"ನಂದ!" ಎಂದು ಮೂವತ್ತೇಳು ಬಾಯಿ ಒಮ್ಮೆಲೇ ಕೂಗಿದವು.

ಮರಿಲಿಂಗಪ್ಪ ಇನ್ನೊಂದು ಚೀಟಿ ಬಿಚ್ಚಿದ. ಅನ್ನಮ್ಮ. ಮತ್ತೊಂದು. ಅನ್ನಮ್ಮ. ಬರೆಯುವ ಗಡಿಬಿಡಿಯಲ್ಲಿ ಅಡ್ಡಹೆಸರು, ಊರು ಎಲ್ಲದರ ಬಾಲ ಕತ್ತರಿಸಿಬಿಟ್ಟಿದ್ದ!

ಜಗಳ ಶುರುವಾಗುವ ಮೊದಲೇ ದೋರನಹಳ್ಳಿಯ ಅನ್ನಮ್ಮಂದಿರಲ್ಲಿ ಒಬ್ಬಳು ಮುಂದೆ ಬಂದಳು. ಕಣದಲ್ಲಿ ಜೋಳದ ಚೀಲವನ್ನು ಒಬ್ಬಳೇ ಎತ್ತಿ ಒಗೆಯುವ ಮೈಕಟ್ಟು. ಸೀರೆಯನ್ನು ಮರಿಲಿಂಗಪ್ಪನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಉಟ್ಟ ಸೀರೆಯ ಮೇಲೆಯೇ ಎರಡು ಸುತ್ತು ಸುತ್ತಿಕೊಂಡಳು. "ಮದಲ ಕೂಗಿದಾಕಿ ನಾನ," ಎಂದು ಸುತ್ತ ಒಮ್ಮೆ ನೋಡಿದಳು. ರಸ್ತೆಯಲ್ಲಿ ಯಾದಗಿರಿ ಬಸ್ಸಿನ ಹಾರ್ನ್ ಕೇಳಿತು. ಸೀರೆ ಬಸ್ಸು ಹತ್ತಿ ಹೋಯಿತು.

ಉಳಿದ ಮೂವತ್ತಾರು ಮಂದಿ ಮರಿಲಿಂಗಪ್ಪನ ಕಡೆ ತಿರುಗಿದರು.

"ಒಂದು ದಿನದ ಕೂಲಿ ಬಿಟ್ಟು ಬಂದೇವಿ."

"ಬರೀ ಕೈಲೆ ಹ್ವಾದ್ರ ಮನ್ಯಾಗ ನಗ್ತಾರ."

"ಅನ್ನಮ್ಮಗ ಮೋಸ ಮಾಡಿದ್ರ ಒಳಗ ಕುಂತ ಅನ್ನಮ್ಮ ಸುಮ್ಮನ ಇರ್ತಾಳೇನು?"

ಪೂಜೆಯ ಮೊದಲ ಗಂಟೆ ಹೊಡೆಯಿತು. ದಿಕ್ಕು ತೋಚದ ಮರಿಲಿಂಗಪ್ಪನಿಗೆ ತಾನು ಬಲ್ಲ ಒಂದೇ ವಿದ್ಯೆ ಬಾಯಿಗೆ ಬಂತು.

"ಸೀರಿ ಇಲ್ಲವ್ವಾ. ಒಬ್ಬೊಬ್ರಿಗಿ ಒಂದೊಂದು ಜಂಪರು ಹೊಲ್ದು ಕೊಡ್ತೇನಿ. ಧರ್ಮಕ್ಕ!"

ಅಂಗಳ ಶಾಂತವಾಯಿತು. ಕುಬ್ರಾಬೇಗಂ ಮಾತ್ರ "ಉದ್ದ ತೋಳಿಂದು ಆಗ್ತದಲ್ರಿ?" ಎಂದು ಖಾತ್ರಿ ಮಾಡಿಕೊಂಡರು. ಇದನ್ನೆಲ್ಲ ನೋಡುತ್ತಿದ್ದ ಗಿರಣಿ ಅನ್ನಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮತ್ತ ನಮಗ? ಹೊರಗಿನವ್ರಿಗಿ ಜಂಪರು, ಒಳಗಿನವ್ರಿಗಿ ಬರೀ ಸೀರಿ ಏನು? ಬರೀ ಸೀರಿ ಉಟ್ಕೊಂಡು ಹೆಂಗ ಹೊರಗ ಬರೋಣು?" ಮೂವತ್ತಾರಕ್ಕೆ ಮೂರು ಸೇರಿ ಮೂವತ್ತೊಂಬತ್ತಾಯಿತು.

ಪೂಜೆಯಲ್ಲಿ ಚರ್ಚು ತುಂಬಿ ತುಳುಕಿತು. ಫಾದರ್ ಹುರುಪಿನಿಂದ ಅನ್ನಮ್ಮನ ಕತೆ ಹೇಳಿದರು. ಅವಳ ಗಂಡ ಜೋಕಿಮ. ಮಕ್ಕಳಿಲ್ಲವೆಂದು ದೇಗುಲದಲ್ಲಿ ಎಲ್ಲರೆದುರು ಅವಮಾನವಾದಾಗ ಅವನು ಮನೆಗೆ ಬರಲು ಮುಖವಿಲ್ಲದೆ ಮರುಭೂಮಿಗೆ ಹೋಗಿ ನಲವತ್ತು ದಿನ ಕುಳಿತನಂತೆ. ಅನ್ನಮ್ಮ ಮಾತ್ರ ಮನೆಯಲ್ಲೇ ಇದ್ದು ಎಲ್ಲ ನಿಭಾಯಿಸಿದಳು.

"ಗಂಡಸ್ರಿಗಿ ಏನಾರ ಆದ್ರ ಎದ್ದು ಹೋಗಾಕ ಒಂದು ಜಾಗಾ ಇರ್ತದ ನೋಡು," ಎಂದು ಹಣಮವ್ವ ಪಕ್ಕದವಳಿಗೆ ಹೇಳಿದ್ದು ಪೀಠದವರೆಗೂ ಕೇಳಿಸಿತು.

ಪೂಜೆ ಮುಗಿಯಿತು. ಮೂವರು ಅನ್ನಮ್ಮಂದಿರಿಗೆ ಸೀರೆ ಕೊಟ್ಟಾಯಿತು. ಚಪ್ಪಾಳೆಯಾಯಿತು. ಇನ್ನು ಸಮಿತಿಯ ಹೆಸರು, ಇನ್ನೇನು ಗೆದ್ದೆ ಎಂದು ಮರಿಲಿಂಗಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ಆಗ ಫಾದರ್ ಹಳೆಯ ದಪ್ಪ ಪುಸ್ತಕವೊಂದನ್ನು ಬಿಚ್ಚಿ, ನಗುತ್ತ ಓದಿದರು:

"ನಾಲ್ಕನೆಯವರು, ಅನ್ನಮ್ಮ, ಮರಿಲಿಂಗಪ್ಪನವರ ಮನೆಯವರು."

ಮರಿಲಿಂಗಪ್ಪ ಎದ್ದು ನಿಂತು ಕೈ ಮುಗಿದ. "ತಪ್ಪಾಗ್ಯದ್ರಿ ಫಾದರ್. ಅನ್ನಮ್ಮ ನಮ್ಮವ್ವ. ಆಕಿ ತೀರಿ ಒಂಬತ್ತು ವರ್ಷ ಆತು."

"ತಾಯಿ ಅಲ್ಲ ಮಾರಾಯ್ರೆ, ನಿಮ್ಮ ಹೆಂಡತಿ. ಇದು ಮದುವೆ ಪುಸ್ತಕ. ವಧು, ಅನ್ನಮ್ಮ. ಕೆಳಗೆ ನಿಮ್ಮದೇ ಸಹಿ ಉಂಟಲ್ಲ?"

ಹೆಂಗಸರ ಸಾಲಿನಿಂದ ಕಸ್ತೂರಿ ಎದ್ದಳು. ಅವಸರವಿಲ್ಲದೆ ಮುಂದೆ ಬಂದು ನಿಂತಳು.

"ಏ, ಕೇಳ್ತೇನು... ನಿನ್ನ ಹೆಸರು ಅನ್ನಮ್ಮ ಏನು?" ಮರಿಲಿಂಗಪ್ಪನ ದನಿ ಸೂಜಿಯ ಕಣ್ಣಿನಷ್ಟಾಗಿತ್ತು.

"ಮದುವಿ ಆಗಿ ಹೊಸ್ತಿಲು ದಾಟೂತನ ಅದಾ ಇತ್ರಿ. ನಿಮ್ಮವ್ವನ ಹೆಸರೂ ಅನ್ನಮ್ಮ. ಸೊಸಿಗಿ ಬೈಯುವಾಗ ತನ್ನ ಹೆಸರ ತಾನಾ ತಗೋಬೇಕಾಗ್ತದ ಅಂತ ಅತ್ತಿ ಅವತ್ತ ನನ್ನ ಕಸ್ತೂರಿ ಮಾಡಿದ್ರು. ತಾಟಿನ ಅಕ್ಕಿಯೊಳಗ ಬೆರಳಿಲೆ ಹೊಸ ಹೆಸರು ಬರದಾವ್ರು ನೀವಾ. ಸೀರಿ ನೋಡಿ ಮುಂಜಾನೆ ಕೇಳಿದೆ, ಚೊಲೋತ್ನಂಗ ಎಣಿಸೀರೇನು ಅಂತ."

ಮಳೆ ಬಿದ್ದಂತೆ ನಗು ಬಿತ್ತು. ಫಾದರ್ ಮಾತ್ರ ಗಾಬರಿಯಾದರು. "ಅಯ್ಯೋ, ನೀವು ಅವರಿಗೆ ಗೊತ್ತಾಗದ ಹಾಗೆ ಕೊಡ್ಲಿಕ್ಕೆ ಮುಚ್ಚಿಟ್ಟದ್ದು ಅಂತ ನಾನು ತಿಳ್ಕೊಂಡೆ! ಆ ನಾಲ್ಕನೇ ಸೀರೆ ಎಲ್ಲಿ?"

"ಯಾದಗಿರಿ ಬಸ್ಸಿನಾಗ ದೋರನಹಳ್ಳಿಗಿ ಹೋಗ್ಯದ್ರಿ," ಎಂದು ಮೂವತ್ತಾರು ಮಂದಿ ಒಟ್ಟಿಗೆ ಹೇಳಿದರು. ಧರ್ಮಕ್ಕ ಸೀರೆಯ ಕತೆಯೂ ಮೈಕಿನ ಕತೆಯೂ ಒಬ್ಬೊಬ್ಬರ ಬಾಯಿಂದ ಒಂದೊಂದು ತುಂಡಾಗಿ ಹೊರಬಿತ್ತು.

ಫಾದರ್ ಪುಸ್ತಕ ಮುಚ್ಚಿದರು. ಮಹೇಶಕುಮಾರ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಮುಂದೆ ಬಂದ. ಆದರೆ ಅವನ ಪಟ್ಟಿಯಲ್ಲೂ 'ಕಸ್ತೂರಿ' ಎಂದೇ ಇತ್ತು. ಕೇಳಿದ್ದಕ್ಕೆ, ಹೆಸರುಗಳನ್ನೆಲ್ಲ ಮರಿಲಿಂಗಪ್ಪನ ಬಾಯಿಂದಲೇ ಬರೆದುಕೊಂಡೆ ಎಂದ.

ಆಗ ಮುದುಕಿ ಅನ್ನಮ್ಮ ಕೂತಲ್ಲಿಂದಲೇ ಕೋಲೆತ್ತಿದಳು. "ಕಾರ್ಯದರ್ಶಿ ಈಕೀನ್ನ ಮಾಡ್ರಿ ಫಾದರ್! ಇಪ್ಪತ್ನಾಕು ವರ್ಷ ಒಂದು ಹೆಸರು ಜ್ವಾಕಿ ಇಟ್ಟಾಳ. ಇದಕ್ಕಿಂತ ಇನ್ನೇನು ಬೇಕು?"

ಚಪ್ಪಾಳೆಗೆ ಚಾವಣಿಯ ಪಾರಿವಾಳಗಳು ಹಾರಿದವು. ಮತ ಹಾಕುವ ಹಕ್ಕಿಲ್ಲದ ಮೂವತ್ತಾರು ಅನ್ನಮ್ಮಂದಿರೇ ಹೆಚ್ಚು ಜೋರಾಗಿ ತಟ್ಟಿದರು. ಗೇಟಿನ ಬಳಿ ಕೆಲಸದವರಿಗಾಗಿ ಕಾಯುತ್ತಿದ್ದ ಜಗದೇವಪ್ಪಗೌಡನೂ ಎರಡು ಕೈ ಸೇರಿಸಿದ.

ಊಟದ ಹೊತ್ತಿಗೆ ಎಲ್ಲರೂ ಪಂಕ್ತಿಯಲ್ಲಿ ಕೂತರು. ಹೊಸ ಕಾರ್ಯದರ್ಶಿ ಹುಗ್ಗಿ ಬಡಿಸುತ್ತಿದ್ದಳು. ಮರಿಲಿಂಗಪ್ಪ ಕಂಬದ ಮರೆಯಲ್ಲಿ ಫಾದರನ್ನು ಹಿಡಿದ.

"ಫಾದರ್, ಆ ಜೋಕಿಮಪ್ಪ ಹೋಗಿ ಕುಂತಿದ್ನಲ್ರಿ ಮರುಭೂಮಿ, ಅದು ಇಲ್ಲಿಂದ ಎಷ್ಟು ದೂರ ಆಗ್ತದ್ರಿ? ನಾನೂ ಒಂದು ನಲವತ್ತು ದಿವ್ಸ ಹೋಗಿ ಬರ್ಬೇಕಂತ..."

"ಎಲ್ಲಿಗೂ ಹೋಗೋದು ಬ್ಯಾಡ್ರಿ," ಎಂದಳು ಅವನ ಹೆಂಡತಿ ಹಿಂದಿನಿಂದ, ಹುಗ್ಗಿಯ ಸೌಟು ಹಿಡಿದುಕೊಂಡೇ. ಸೆರಗಿನ ಗಂಟಿನಿಂದ ಅವನದೇ ಅಳತೆ ಚೀಟಿಗಳ ಕಟ್ಟು ತೆಗೆದು ಅವನ ಕೈಗಿಟ್ಟಳು. "ಮೂವತ್ತಾರು ಮಂದೀದು ಅಳತಿ ತಗೊಂಡೇನಿ, ನಮ್ಮ ಮೂವರದೂ ಬರದೇನಿ. ನಂದೊಂದು ಕೂಡಿಸಿದ್ರ ನಲವತ್ತು ಜಂಪರು. ದಿನಕ್ಕೊಂದು ಹೊಲದ್ರ ನಲವತ್ತು ದಿವ್ಸ. ಮಿಷನ್ ಮುಂದ ಕುಂಡ್ರಿ, ಅದಾ ನಿಮಗ ಮರುಭೂಮಿ."

ಮರಿಲಿಂಗಪ್ಪ ಮೇಲಿನ ಚೀಟಿ ನೋಡಿದ. ದುಂಡಗಿನ ಅಕ್ಷರದಲ್ಲಿ ಎಲ್ಲಿಯೂ ಬಾಲ ಕತ್ತರಿಸದೆ ಬರೆದಿತ್ತು: 'ಅನ್ನಮ್ಮ, ಗಂಡ ಮರಿಲಿಂಗಪ್ಪ. ಸೀರೆ ಇನ್ನೂ ಬರಬೇಕು. ಬಣ್ಣ, ನವಿಲು.'

"ಏ, ಕೇಳ್ತೇನು..." ಎಂದು ಅವನು ಬಾಯಿ ತೆರೆದ. ಅವಳು ತಿರುಗಲಿಲ್ಲ. ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಹೆಂಡತಿಯನ್ನು ಹೆಸರು ಹಿಡಿದು ಕರೆದ.

"ಅನ್ನಮ್ಮಾ!"

ಪಂಕ್ತಿಯಲ್ಲಿ ಮೂವತ್ತೊಂಬತ್ತು ಹೆಂಗಸರು ಒಮ್ಮೆಲೇ "ಏನ್ರಿ?" ಎಂದು ತಿರುಗಿದರು. ಅವಳೊಬ್ಬಳು ಮಾತ್ರ ತಿರುಗದೆ ಹುಗ್ಗಿ ಬಡಿಸುತ್ತ ಮುಂದೆ ಹೋದಳು.